ಹೊಳೆವ್ವ ನೂತ ತೋಳಿಲ್ಲದ ಅಂಗಿ

ನಾನು ಬೀಳಗಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ಅನುರಾಧಾ ಅಲ್ಲಿಯ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದಳು. ಹೊಳೆವ್ವ ಅವಳ ಅತ್ತೆ. ನಾನು ಹೇಳಹೊರಟಿರುವುದು ಈ ಹೊಳೆವ್ವನ ಕತೆ. ಅವಳು ಕುರಿ ಕಾಯ್ದಳು, ಉಣ್ಣೆ ನೂತಳು, ಒಬ್ಬ ಮಗನನ್ನು ಬೆಳೆಸಿದಳು. ಇಷ್ಟನ್ನು ನಮ್ಮ ಕಡೆಯ ಎಷ್ಟೋ ಹೆಂಗಸರು ಮಾಡಿದ್ದಾರೆ. ಆದರೆ ಹಿಮದ ಗುಡ್ಡ ಹತ್ತಲು ಹೊರಟ ಸೊಸೆಯ ಮೈ ಬೆಚ್ಚಗಿರಲಿ ಎಂದು ಅವಳು ಒಂದು ಬೇಸಿಗೆಯೆಲ್ಲ ಪಟ್ಟ ಪಾಡನ್ನು ನಾನು ಹತ್ತಿರದಿಂದ ಕಂಡವಳು. ಮರೆಯುವ ಮೊದಲು ಬರೆದಿಡಬೇಕೆನ್ನಿಸಿತು.

ಹೊಳೆವ್ವನ ಹಳೆಯ ಊರು ಕೃಷ್ಣೆಯ ದಂಡೆಯಲ್ಲಿತ್ತು. ಗಂಡ ಗಿರಮಲ್ಲಪ್ಪ ಕಂಬಳಿ ನೇಯುತ್ತಿದ್ದ. ಅವಳು ನೂಲುತ್ತಿದ್ದಳು, ಅವನು ನೇಯುತ್ತಿದ್ದ. ಮದುವೆಯಾದಂದಿನಿಂದ ಮನೆಯಲ್ಲಿ ನಡೆದದ್ದು ಹೀಗೆಯೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ ಮನೆ ಹೊಲ ಮುಳುಗಿದಾಗ ಆ ಊರೇ ಎದ್ದಿತು. ಬೀಳಗಿಯಾಚೆ ಪುನರ್ವಸತಿ ಕೇಂದ್ರದಲ್ಲಿ ಅವರಿಗೊಂದು ಜಾಗ ಸಿಕ್ಕಿತು. ಜನ ಅದನ್ನು ಇವತ್ತಿಗೂ ಪ್ಲಾಟು ಎಂದೇ ಕರೆಯುತ್ತಾರೆ. ಕಂಬಳಿ ಮಗ್ಗಕ್ಕೆ ನೆಲದಲ್ಲಿ ಕುಣಿ ಬೇಕು, ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ಕೂಡಬೇಕು. ಹೊಸ ಮನೆಯ ನೆಲ ಬರೀ ಕಲ್ಲು. ಗಿರಮಲ್ಲಪ್ಪ ಎರಡು ಕಡೆ ಅಗೆದು ನೋಡಿ ಗುದ್ದಲಿ ಇಟ್ಟ. ಮಗ್ಗದ ಮರಗಳನ್ನು ಗೋಡೆಗೆ ಆನಿಸಿಟ್ಟಿದ್ದು ಹಾಗೇ ಉಳಿಯಿತು. ಒಂದೆರಡು ವರ್ಷದಲ್ಲಿ ಅವನೂ ತೀರಿಕೊಂಡ. ಕುರಿ ಮೇಯುವ ಅಡವಿಯೂ ನೀರಿಗೆ ಹೋಗಿತ್ತು. ದೊಡ್ಡ ಹಿಂಡು ಮಾರಿ ಹೊಳೆವ್ವ ಹತ್ತಿಪ್ಪತ್ತು ಕುರಿಗಳನ್ನಷ್ಟೇ ಇಟ್ಟುಕೊಂಡಳು. ನೇಯುವವನಿಲ್ಲದಿದ್ದರೂ ನೂಲುವುದನ್ನು ಬಿಡಲಿಲ್ಲ. ನೂತ ಉಣ್ಣೆಯ ಉಂಡೆಗಳನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆಯುತ್ತಿದ್ದಳು.

ಮಗ ಯಲ್ಲಾಲಿಂಗ ಮಹಾಲಿಂಗಪುರದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಅನುರಾಧಾಳನ್ನು ಮದುವೆಯಾಗಿ ತಂದ. ಅವಳು ಕಾಲೇಜಿನಲ್ಲಿ ಓಟದ ಹುಡುಗಿ, ಬಿ.ಪಿ.ಇಡಿ. ಮಾಡಿದವಳು. ಮೊದಲೆರಡು ವರ್ಷ ಅತ್ತೆ ಸೊಸೆಯರಲ್ಲಿ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಬೆಳಗಾದರೆ ಒಬ್ಬಳು ಕೊರಳಲ್ಲಿ ಸೀಟಿ ಹಾಕಿಕೊಂಡು ಶಾಲೆಗೆ, ಇನ್ನೊಬ್ಬಳು ಕೈಯಲ್ಲಿ ಕೋಲು ಹಿಡಿದು ಕಾಲುವೆಯ ದಂಡೆಗೆ. ಸಂಜೆ ರೊಟ್ಟಿ ಬಡಿಯುವಾಗ ಉಪ್ಪು ಎಲ್ಲಿದೆ, ಎಣ್ಣೆ ತೀರಿತು, ಅಷ್ಟೇ. ಕಲಿತ ಹುಡುಗಿಯ ಜೊತೆ ಏನು ಮಾತಾಡಬೇಕೆಂದು ಹೊಳೆವ್ವನಿಗೆ ತಿಳಿಯುತ್ತಿರಲಿಲ್ಲ. ಅತ್ತೆಗೆ ತಾನು ಸೇರುವುದಿಲ್ಲ ಎಂದು ಅನುರಾಧಾ ತಿಳಿದಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅನುರಾಧಾ ಶಾಲೆಯ ಹುಡುಗಿಯರನ್ನು ಬಾದಾಮಿಗೆ ಬಂಡೆ ಹತ್ತುವ ಶಿಬಿರಕ್ಕೆ ಕರೆದುಕೊಂಡು ಹೋದಳು. ಹುಡುಗಿಯರ ಸರದಿ ಮುಗಿದ ಮೇಲೆ, ಹಗ್ಗ ಹೇಗೂ ಕಟ್ಟಿದೆಯಲ್ಲ ಎಂದು ತಾನೂ ಹತ್ತಿದಳು. ಶಿಬಿರದ ತರಬೇತುದಾರ ಸೋಮಲಿಂಗ ಕೆಳಗೆ ನಿಂತು ನೋಡುತ್ತಿದ್ದವನು ಅವಳು ಇಳಿದ ಕೂಡಲೇ ಕೇಳಿದ, "ಬಾಯಾರ, ನೀವು ಹಿಮಾಲಯಕ್ಕ ಯಾಕ ಹೋಗಬಾರದು?" ಉತ್ತರಕಾಶಿ ಕಡೆ ಪರ್ವತಾರೋಹಣದ ಮೊದಲ ಹಂತದ ತರಬೇತಿ ಇದೆ, ಅರ್ಜಿ ತಾನೇ ತುಂಬಿಸುತ್ತೇನೆ ಎಂದ. ಅನುರಾಧಾ ನಗುತ್ತಲೇ ಹೂಂ ಅಂದಳು. ಫೆಬ್ರವರಿಯಲ್ಲಿ ಆಯ್ಕೆಯಾಗಿದೆ ಎಂದು ಫೋನು ಬಂದಾಗ ನಗು ನಿಂತಿತು. ತರಬೇತಿ ಮೇ ಕೊನೆಗೆ.

ಯಲ್ಲಾಲಿಂಗನಿಗೆ ಹೆಮ್ಮೆ. ಹೊಳೆವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ಥಂಡಿ ಭಾಳ ಇರ್ತೈತೇನ?"

"ಭಾಳ ರೀ ಅತ್ತಿ. ಬರೇ ಹಿಮ."

"ಮತ್ತ ಏನ ಹಾಕ್ಕೊಂತಿ?"

ಅದೇ ಸಮಸ್ಯೆಯಾಗಿತ್ತು. ಸೋಮಲಿಂಗ ಫೋನಿನಲ್ಲಿ ಬಿಡಿಸಿ ಹೇಳಿದ್ದ: "ಮೈಗೆ ಹತ್ತಿ ಬಟ್ಟಿ ಬ್ಯಾಡ, ಬೆವರು ಕುಡದು ಥಂಡಿ ಆಕ್ಕೈತಿ. ಬೆವರು ನಿಲ್ಲದ ತೆಳು ಬನಿಯನ್ ಒಂದು, ಎಲ್ಲಾದರ ಮ್ಯಾಲ ಗಾಳಿ ತಡಿಯೋ ಜಾಕೆಟ್ ಒಂದು, ಇವೆರಡೂ ನಾ ಕೊಡಸ್ತೇನ್ರಿ. ನಡುವಿನ ಅಂಗಿ ನೀವ ನೋಡ್ಕೋರಿ. ಉಣ್ಣಿದರ ಆಗ್ಲಿ, ಫ್ಲೀಸರ ಆಗ್ಲಿ. ಮೈಯಾಗಿನ ಕಾವು ಹಿಡದಿಡೋದು ಅದ."

ಅನುರಾಧಾ ಜಮಖಂಡಿ, ಮುಧೋಳ ಎರಡೂ ಪೇಟೆ ತಿರುಗಿದಳು. ಫ್ಲೀಸ್ ಎಂದರೆ ಅಂಗಡಿಯವರಿಗೆ ತಿಳಿಯಲಿಲ್ಲ. ಬಿಸಿಲು ಏರುವ ಕಾಲದಲ್ಲಿ ಸ್ವೆಟರ್ ಕೇಳಿದ್ದಕ್ಕೆ ಒಬ್ಬ ಅಟ್ಟದಿಂದ ಮಂಗನ ಟೋಪಿ ತೆಗೆದು ತೋರಿಸಿದ. ಕೊನೆಗೆ ಜಮಖಂಡಿಯ ಕಾಲೇಜಿನ ಗೆಳತಿ ಪ್ರೀತಿ ತನ್ನದೊಂದು ಫ್ಲೀಸ್ ಜಾಕೆಟ್ ಕೊಟ್ಟಳು. ಯಾವಾಗಲೋ ಮನಾಲಿಗೆ ಹೋದಾಗ ಕೊಂಡದ್ದು. ನೀಲಿ ಬಣ್ಣ, ಮುಂದೆ ಜಿಪ್ಪು.

ಅನುರಾಧಾ ಅದನ್ನು ಮನೆಗೆ ತಂದ ದಿನ ನಾನೂ ಅಲ್ಲಿದ್ದೆ. ಹೊಳೆವ್ವ ಜಾಕೆಟ್ಟನ್ನು ಮಡಿಲಲ್ಲಿ ಹಾಕಿಕೊಂಡಳು, ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು.

"ಮೆತ್ತಗ ಐತಿ. ಇದು ಯಾವ ಕುರೀದು ಯವ್ವಾ?"

"ಕುರೀದಲ್ರಿ ಅತ್ತಿ. ಪ್ಲಾಸ್ಟಿಕ್ಕಿಂದ ಎಳಿ ತಗದು ಮಾಡ್ತಾರಂತ. ಬಾಟ್ಲಿ ಕರಗಿಸಿನೂ ಮಾಡ್ತಾರಂತ."

"ನೀರಿನ ಬಾಟ್ಲಿ?"

"ಹೂಂ ರೀ."

ಹೊಳೆವ್ವ ನನ್ನ ಮುಖ ನೋಡಿದಳು. "ಖರೇನ್ರಿ ಅಕ್ಕಾರ?" ಖರೆ ಎಂದೆ. ಅವಳು ಜಾಕೆಟ್ಟನ್ನು ನೀಟಾಗಿ ಮಡಿಸಿ ಸೊಸೆಯ ಕೈಗೆ ಕೊಟ್ಟಳು. ಆದರೆ ಸಂಜೆ ಏಣಿ ಹಾಕಿಸಿ ಅಟ್ಟದ ಚೀಲಗಳನ್ನು ಇಳಿಸಿದಳಂತೆ. ಒಂದೊಂದೇ ಉಂಡೆ ತೆಗೆದು, ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಬೇರೆ ಮಾಡಿದಳು. ದೊಡ್ಡ ಕುರಿಯದಕ್ಕಿಂತ ಅದು ಮೆದು. ಮರುದಿನ ಮಗನಿಗೆ ಹೇಳಿದಳು, "ನನ್ನ ಸಾವಳಗಿ ಬಸ್ಸಿಗೆ ಹತ್ತಿಸು. ಹೊಳೆಪ್ಪನ ಕಡೆ ಹೋಗಬೇಕು."

ಹೊಳೆಪ್ಪ ಗಿರಮಲ್ಲಪ್ಪನ ಜೊತೆಗೆ ಮಗ್ಗ ಹಾಕಿಕೊಂಡಿದ್ದವನು. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ ಇತ್ತು. ಊರು ಎದ್ದಾಗ ಅವನು ಸಾವಳಗಿಯ ಹತ್ತಿರ ಮಗಳ ಊರಿಗೆ ಹೋದ. ಆಮೇಲೆ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಗಿರಮಲ್ಲಪ್ಪನ ಮಣ್ಣಿಗೂ ಅವನಿಗೆ ಸುದ್ದಿ ಸಮಯಕ್ಕೆ ಮುಟ್ಟಿರಲಿಲ್ಲ. ಹೊಳೆವ್ವನೊಬ್ಬಳನ್ನೇ ಕಳಿಸಲು ಮನಸ್ಸಾಗದೆ ಅನುರಾಧಾ ಜೊತೆಗೆ ಹೋದಳು. ಅತ್ತೆ ಸೊಸೆ ಇಬ್ಬರೇ ಕೂಡಿ ಮಾಡಿದ ಮೊದಲ ಪ್ರಯಾಣ ಅದು. ಉಣ್ಣೆಯ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡು ಕೂತಿದ್ದರು. ಜಮಖಂಡಿ ದಾಟಿದ ಮೇಲೆ ಹೊಳೆವ್ವ ಸೊಸೆಯ ಹೆಗಲಿಗೆ ಒರಗಿ ನಿದ್ದೆ ಹೋದಳು. ಅನುರಾಧಾ ಅಲ್ಲಾಡದೆ ಕೂತಳು.

ಹೊಳೆಪ್ಪ ಮಗ್ಗದ ಕುಣಿಯಲ್ಲಿದ್ದ. ಬಾಗಿಲಲ್ಲಿ ನಿಂತವಳನ್ನು ಕಂಡು ಲಾಳಿ ಕೈಯಲ್ಲೇ ಹಿಡಿದುಕೊಂಡು ಕುಣಿಯಿಂದ ಮೇಲೆ ಬಂದ. ಹತ್ತಿರ ನಿಂತು, "ಗಿರಮಲ್ಲ ಹ್ವಾದ ಅಂತ ಕೇಳ್ದೆ ಬೇ. ಬರಾಕ ಆಗಲಿಲ್ಲ," ಎಂದ. ಹೊಳೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನ ಹೆಂಡತಿ ಕೆಂಪವ್ವ ಬಂದು ಅವಳನ್ನು ತಬ್ಬಿಕೊಂಡಳು. ಅಳು ಮುಗಿದು ಚಹಾ ಆದ ಮೇಲೆ ಹೊಳೆವ್ವ ಉಣ್ಣೆಯ ಚೀಲ ಬಿಚ್ಚಿದಳು.

"ಕಂಬಳಿ ಅಲ್ಲೋ ಯಪ್ಪಾ. ಅಂಗಿ ಹೊಲಿಸಬೇಕು. ನಮ್ಮ ಅನೂ ಹಿಮದ ಗುಡ್ಡಾ ಹತ್ತಾಕ ಹೊಂಟಾಳ. ಬಿರುಸ ಆಗಬಾರದು, ಗಾಳೀನೂ ಹೋಗಬಾರದು."

ಸೊಸೆಯನ್ನು ಅವಳು 'ನಮ್ಮ ಅನೂ' ಎಂದದ್ದು ಅದೇ ಮೊದಲು. ಇದನ್ನು ನನಗೆ ಆಮೇಲೆ ಅನುರಾಧಾ ಹೇಳಿದಳು.

ಹೊಳೆಪ್ಪ ಹಾಸಿನ ನೂಲಿಗೆ, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಹುಣಸೆಬೀಜದ ಗಂಜಿಯನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಹಚ್ಚಿದ. ಗಂಜಿ ಇಲ್ಲದೆ ನೂಲು ತಡೆಯುವುದಿಲ್ಲ, ಹೆಚ್ಚಾದರೆ ಬಟ್ಟೆ ಹಲಗೆಯಂತಾಗುತ್ತದೆ. ನೇಯ್ದು ಮುಗಿದ ದಿನ ಹೊಳೆವ್ವ ಮತ್ತೆ ಹೋದಳು. ಅವಳೂ ಕೆಂಪವ್ವನೂ ಬಟ್ಟೆಯನ್ನು ಕಾಲುವೆಯ ನೀರಲ್ಲಿ ಹಾಕಿ, ಒಬ್ಬರ ಭುಜ ಒಬ್ಬರು ಹಿಡಿದು ತುಳಿದರು. ಗಂಜಿ ಬಿಟ್ಟು, ಎಳೆ ಉಬ್ಬಿ, ಬಟ್ಟೆ ಮೆತ್ತಗಾಗುವ ತನಕ ತುಳಿದರು. ಹಳೆಯ ಊರಿನ ಯಾರು ಎಲ್ಲಿದ್ದಾರೆ, ಯಾರ ಮಗಳಿಗೆ ಎಲ್ಲಿ ಕೊಟ್ಟರು ಎಂಬುದೆಲ್ಲ ಆ ಹೊತ್ತಿನಲ್ಲಿ ಮಾತಾಯಿತು. ಮನೆಗೆ ಬಂದಾಗ ಹೊಳೆವ್ವನ ಮೊಣಕಾಲು ಹಿಡಿದುಕೊಂಡಿದ್ದವು, ಮುಖ ಮಾತ್ರ ಅರಳಿತ್ತು.

ಮುಧೋಳದ ದರ್ಜಿ ಶಿದ್ರಾಮಪ್ಪ ಅದನ್ನು ಉದ್ದ ತೋಳಿನ ಅಂಗಿ ಮಾಡಿಕೊಟ್ಟ. ಅಂಗಿ ಚೆನ್ನಾಗಿಯೇ ಇತ್ತು: ಕಪ್ಪು ನಡುವೆ ಕಂದು ಎಳೆ, ಕೊರಳಿಗೆ ಚುಚ್ಚದಂತೆ ಒಳಗೆ ಹತ್ತಿಬಟ್ಟೆಯ ಪಟ್ಟಿ. ಮನೆಯಲ್ಲಿ ಹೊಳೆವ್ವ ಸೊಸೆಗೆ ಅದನ್ನು ತೊಡಿಸಿ, "ಕೈ ಮ್ಯಾಲೆ ಎತ್ತು," ಎಂದಳು. ಅನುರಾಧಾ ಬಾಗಿಲಿನ ಚೌಕಟ್ಟಿಗೆ ಕೈ ಚಾಚಿ ಬಂಡೆ ಹಿಡಿದವಳಂತೆ ನಿಂತಳು. ಅಂಗಿ ಮೇಲೆ ಸರಿದು ಸೊಂಟ ಕಂಡಿತು. ಹೊಳೆವ್ವ ಅಂಗೈಯನ್ನು ಅಲ್ಲಿಟ್ಟು, "ಇಲ್ಲಿ ಥಂಡಿ ಹೊಕ್ಕಿತು ಅಂದ್ರ ಆತು," ಎಂದು ಮತ್ತೆ ಮುಧೋಳಕ್ಕೆ ಹೋಗಿ ಬೆನ್ನಿನ ಕಡೆ ಒಂದು ಗೇಣು ಉದ್ದ ಮಾಡಿಸಿಕೊಂಡು ಬಂದಳು.

ಈಗ ಮನೆಯಲ್ಲಿ ಎರಡು ಅಂಗಿ. ಒಂದು ನೀಲಿ, ಒಂದು ಕಪ್ಪು. ಚೀಲ ನೀವೇ ಹೊರಬೇಕು, ನಡುವಿನ ಅಂಗಿ ಒಂದೇ ಸಾಕು, ಭಾರ ಮಾಡಿಕೊಳ್ಳಬೇಡಿ ಎಂದಿದ್ದ ಸೋಮಲಿಂಗ. ಯಾವುದನ್ನು ಒಯ್ಯಬೇಕು? ಅನುರಾಧಾ ಶಾಲೆಯಲ್ಲಿ ನನ್ನ ಹತ್ತಿರ ಕೂತು ಹೇಳಿದಳು, "ನೀಲಿದ ಹಗರ ಐತ್ರಿ ಅಕ್ಕಾರ. ಆದರ ಅತ್ತಿಗಿ ಹೆಂಗ ಹೇಳ್ಲಿ? ಕಾಲು ಬಾತು ಬರೂಮಟ ತುಳದಾರ." ಹೊರಗೆ ಏಪ್ರಿಲ್ ಕೊನೆಯ ಬಿಸಿಲು ಸುಡುತ್ತಿತ್ತು. ಬೀಳಗಿಯ ಆ ಬಿಸಿಲಿನಲ್ಲಿ ಚಳಿಯ ಅಂಗಿಯನ್ನು ಪರೀಕ್ಷಿಸುವುದಾದರೂ ಹೇಗೆ?

ದಾರಿ ತೋರಿಸಿದವನು ಯಲ್ಲಾಲಿಂಗ. ಹಿನ್ನೀರಿನಲ್ಲಿ ಹಿಡಿದ ಮೀನು ಕೆಡದಂತೆ ಬೇರೆ ಊರಿಗೆ ಕಳಿಸಲು ಐಸ್ ಮಾಡುವ ಒಂದು ಸಣ್ಣ ಫ್ಯಾಕ್ಟರಿ ಇತ್ತು. ಅಲ್ಲಿಯ ಯಮನಪ್ಪ ಅವನ ಗೆಳೆಯ. "ಐಸ್ ಇಡೋ ಕ್ವಾಣ್ಯಾಗ ನಿಂತು ನೋಡ್ರಿ. ಹಿಮಾಲಯ ಅಲ್ಲೇ ಐತಿ," ಎಂದು ನಕ್ಕ. ಭಾನುವಾರ ಮಧ್ಯಾಹ್ನ ನಾನೂ ಸೇರಿ ನಾಲ್ಕೂ ಜನ ಹೋದೆವು.

ಯಮನಪ್ಪ ದಪ್ಪ ಬಾಗಿಲು ಎಳೆದ. ಒಳಗಿನಿಂದ ಬಿಳಿ ಹೊಗೆಯಂಥ ತಂಪು ಕಾಲಿನ ಮೇಲೆ ಹರಿದು ಬಂತು. ಗೋಡೆಯುದ್ದಕ್ಕೂ ಮಂಜುಗಡ್ಡೆಯ ಇಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಹೊಳೆವ್ವ ಸೆರಗು ಬಿಗಿದುಕೊಂಡು ಎಲ್ಲರಿಗಿಂತ ಮೊದಲು ಒಳಗೆ ನಡೆದಳು. ನಾಲ್ಕು ಉಸಿರು ಬಿಡುವುದರೊಳಗೆ ಅವಳ ತುಟಿ ಅದುರತೊಡಗಿತು.

"ಇಷ್ಟು ಥಂಡಿ ಇರ್ತೈತೇನ ಅಲ್ಲಿ?"

"ಇದಕ್ಕಿಂತ ಹೆಚ್ಚು ರೀ ಅತ್ತಿ. ಮ್ಯಾಲೆ ಗಾಳಿ ಬ್ಯಾರೆ."

ಹೊಳೆವ್ವ ಸೊಸೆಯ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. ಅಲ್ಲಿಯ ತನಕ ಹಿಮ ಎಂಬುದು ಅವಳಿಗೆ ಬರೀ ಮಾತಾಗಿತ್ತು.

ಮೊದಲು ಅನುರಾಧಾ ನೀಲಿ ಜಾಕೆಟ್ ತೊಟ್ಟು ಐಸ್ ಇಟ್ಟಿಗೆಗಳ ನಡುವೆ ಬೈಠಕ್ ಹೊಡೆದಳು, ಕೈ ಎತ್ತಿ ಇಳಿಸಿದಳು. ಸಲೀಸಾಗಿ ಆಡಿದಳು. ಯಮನಪ್ಪ ಬಾಗಿಲಲ್ಲಿ ದೊಡ್ಡ ಫ್ಯಾನು ತಂದಿಟ್ಟು ಹಚ್ಚಿದಾಗ ಮಾತ್ರ, "ಗಾಳಿ ನೆಟ್ಟಗ ಒಳಗ ಬರಾಕತ್ತೈತಿ," ಎಂದು ಎದೆ ಹಿಡಿದುಕೊಂಡಳು. ಆಮೇಲೆ ಉಣ್ಣೆಯ ಅಂಗಿ. ಫ್ಯಾನಿನ ಗಾಳಿ ಅದನ್ನು ದಾಟಲಿಲ್ಲ. ಸುಮ್ಮನೆ ನಿಂತರೆ ಮೈ ಬೆಚ್ಚಗೆ. ಆದರೆ ಕೈ ಎತ್ತಿದಾಗ ಕಂಕುಳಲ್ಲಿ ಬಟ್ಟೆ ಬಿಗಿದು ಹಿಡಿಯಿತು. ಹತ್ತಿಪ್ಪತ್ತು ಸಲ ಕೂತೆದ್ದ ಮೇಲೆ ತೋಳು ಭಾರವಾಗಿ ಅವಳ ವೇಗ ಕುಂದಿತು. ಅವಳು ತೋರಿಸಿಕೊಳ್ಳಲಿಲ್ಲ. "ಇದ ಛಲೋ ಐತ್ರಿ ಅತ್ತಿ, ಇದನ್ನ ಒಯ್ತೀನಿ," ಎಂದಳು.

ಹೊಳೆವ್ವ ಹೊರಗೆ ಬಿಸಿಲಿಗೆ ಬಂದು ಕಟ್ಟೆಯ ಮೇಲೆ ಕೂತು ಕೈ ಉಜ್ಜಿಕೊಂಡಳು. ಅಂಗಿಯನ್ನು ಬಿಚ್ಚಿಸಿ ಬಕೆಟ್ಟಿನ ನೀರಲ್ಲಿ ಅದ್ದಿ ಹಿಂಡಿದಳು. ನೀಲಿ ಜಾಕೆಟ್ಟನ್ನೂ ಹಾಗೇ ಮಾಡಿದಳು. ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದಳು; ಉಣ್ಣೆಯದು ಹಿಡಿದ ಕೈ ಕೆಳಗೆ ಜಗ್ಗಿತು.

"ಮಳ್ಯಾಗ ತೊಯ್ದ ಕಂಬಳಿ ಹೊತ್ತು ಕುರಿ ಕಾಯ್ದಾಕಿ ನಾನು. ಬೆಚ್ಚಗ ಇಡ್ತೈತಿ, ಖರೆ. ಆದರ ಸಂಜಿಮಟ ಹೊತ್ತರ ಹೆಗಲು ಹೋಗ್ತೈತಿ. ನೀ ಗ್ವಾಡಿ ಹತ್ತಿದಂಗ ಹತ್ತಬೇಕು. ಅನೂ, ನೀ ನೀಲಿದ ಒಯ್ಯಿ."

"ಅತ್ತಿ, ನಿಮಗ ಬ್ಯಾಸರ..."

"ನನಗ ಬ್ಯಾಸರ ಯಾಕ? ನೀ ಹೊಳ್ಳಿ ಬರಬೇಕು ನನಗ. ಅಂಗಿ ಕಟಗೊಂಡು ಏನ ಮಾಡ್ಲಿ?"

ಅನುರಾಧಾ ಅಲ್ಲೇ ಮೊಣಕಾಲೂರಿ ಅತ್ತೆಯ ಮಡಿಲಲ್ಲಿ ತಲೆ ಇಟ್ಟಳು. ಯಮನಪ್ಪ ಫ್ಯಾನು ಎತ್ತಿಕೊಂಡು ಒಳಗೆ ಹೋದ. ಯಲ್ಲಾಲಿಂಗ ಮೋಟರ್ ಸೈಕಲ್ಲಿನ ಕನ್ನಡಿ ಒರೆಸತೊಡಗಿದ.

ಅಂಗಿ ಒಣಗುವ ತನಕ ಹೊಳೆವ್ವ ಎರಡು ದಿನ ಅದರ ಮುಂದೆ ಓಡಾಡಿದಳು. ಮೂರನೆಯ ದಿನ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದು ಎರಡೂ ತೋಳುಗಳನ್ನು ಭುಜದಿಂದಲೇ ಕತ್ತರಿಸಿಬಿಟ್ಟಳು. ಕಂಕುಳ ಕಡೆಯೂ ಅಗಲ ಮಾಡಿದಳು. ಸಂಜೆ ಅನುರಾಧಾ ಮನೆಗೆ ಬಂದಾಗ ಅತ್ತೆ ಅಂಚಿಗೆ ಸೂಜಿ ಹಾಕುತ್ತ ಕೂತಿದ್ದಳು. "ಹಾಕ್ಕೊಂಡು ನೋಡು. ಎದಿ ಬೆನ್ನು ಮುಚ್ಚತೈತಿ, ಕೈಗಿ ಅಡ್ಡ ಬರೂದಿಲ್ಲ. ನೀಲಿದರ ಮ್ಯಾಲೂ ಹಾಕ್ಕೋಬಹುದು. ಸುತ್ತಿದರ ಒಂದು ಹಿಡಿ ಆಕ್ಕೈತಿ." ಹೇಳಿದಂತೆಯೇ ಆಯಿತು. ಹಗುರವಾಗಿತ್ತು, ನೀಲಿಯ ಮೇಲೆ ಸರಿಯಾಗಿ ಕೂತಿತು, ಗಾಳಿಯ ಜಾಕೆಟ್ಟಿನ ಜಿಪ್ಪೂ ಏರಿತು. ಉಳಿದ ಎರಡು ತೋಳುಗಳನ್ನು ಹೊಳೆವ್ವ ತನ್ನ ನೋಯುವ ಮೊಣಕಾಲುಗಳಿಗೆ ಏರಿಸಿಕೊಂಡಳು. ನೋಡಿ ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಆದರೆ ತೆಗೆಯಲಿಲ್ಲ.

ಮೇ ಕೊನೆಗೆ ಅನುರಾಧಾ ಸೊಲ್ಲಾಪುರದಲ್ಲಿ ರೈಲು ಹತ್ತಿದಳು.

ಅಲ್ಲಿ ನಡೆದದ್ದನ್ನು ಅವಳು ಬಂದ ಮೇಲೆ ಹೇಳಿದ್ದು. ಏರುವಾಗ ನೀಲಿ ಜಾಕೆಟ್ಟೇ ಆಸರೆ. ಬೆವರಿನಿಂದ ತೊಯ್ದರೂ ನಡೆಯುತ್ತ ನಡೆಯುತ್ತ ಮೈಮೇಲೇ ಒಣಗುತ್ತಿತ್ತು. ಉಣ್ಣೆಯದೊಂದೇ ಒಯ್ದಿದ್ದರೆ ತನಗೆ ಆ ಏರು ಆಗುತ್ತಿರಲಿಲ್ಲ ಎಂದಳು. ಕಪ್ಪು ಅಂಗಿ ಆಗ ಚೀಲದ ತಳದಲ್ಲಿರುತ್ತಿತ್ತು, ಸಂಜೆ ನಿಂತ ಮೇಲೆ ತೊಡುತ್ತಿದ್ದಳು. ಮೊದಲ ಸಲ ತೊಯ್ದು ಡೇರೆಯಲ್ಲಿ ತೂಗುಹಾಕಿದಾಗ ಜೊತೆಯ ಹುಡುಗಿಯರು ಮೂಗು ಮುಚ್ಚಿಕೊಂಡು, ಕುರಿಯನ್ನು ಒಳಗೆ ಕಟ್ಟಿದವರು ಯಾರು ಎಂದು ಗಲಾಟೆ ಮಾಡಿದರಂತೆ.

ತರಬೇತಿಯ ಕೊನೆಗೆ ಎಲ್ಲರೂ ಒಂದು ಎತ್ತರಕ್ಕೆ ಏರಬೇಕಿತ್ತು. ಮುಕ್ಕಾಲು ದಾರಿಯಲ್ಲಿ ಮುಂದಿನವರು ಹಗ್ಗ ಬಿಗಿಯುವ ತನಕ ಇಳಿಜಾರಿನಲ್ಲಿ ಕೂತು ಕಾಯಬೇಕಾಯಿತು. ಮೋಡ ಕವಿಯಿತು, ಗಾಳಿ ಎದ್ದಿತು. ನಡೆಯುವಾಗ ಇದ್ದ ಕಾವು ಕೂತ ಮೇಲೆ ಇಳಿಯತೊಡಗಿತು. ಅನುರಾಧಾ ಕೈಗವಸು ತೆಗೆದು, ಮರಗಟ್ಟಿದ ಬೆರಳಿನಿಂದಲೇ ಚೀಲದಲ್ಲಿ ಕಪ್ಪು ಅಂಗಿ ಹುಡುಕಿ ನೀಲಿಯ ಮೇಲೆ ತೊಟ್ಟು, ಗಾಳಿಯ ಜಾಕೆಟ್ಟಿನ ಜಿಪ್ಪು ಏರಿಸಿದಳು. ಸ್ವಲ್ಪ ಹೊತ್ತಿಗೆ ಬೆನ್ನಿನಲ್ಲಿ ಬಿಸಿ ಹುಟ್ಟಿತು. ಪಕ್ಕದಲ್ಲಿ ಪುಣೆಯ ಹುಡುಗಿಯೊಬ್ಬಳು ಹಲ್ಲು ಕಟಕಟಿಸುತ್ತಿದ್ದಳು. ಅನುರಾಧಾ ಅವಳನ್ನು ಎಳೆದು ತನ್ನ ಎದೆಗೆ ಆನಿಸಿ ಕೂಡಿಸಿಕೊಂಡಳು. ಕುರಿಯ ವಾಸನೆ ಎಂದು ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡಿದವಳು ಆಕೆಯೇ. ಅಂದು ಮುಖವನ್ನು ಇನ್ನಷ್ಟು ಒತ್ತಿದಳು. ಹಗ್ಗ ಬಿಗಿದಾದ ಮೇಲೆ ಇಬ್ಬರೂ ಎದ್ದು ಮೇಲಿನವರೆಗೂ ಹೋದರು.

ಜೂನ್ ಕಳೆಯುತ್ತಿರುವಾಗ ಅನುರಾಧಾ ಬೀಳಗಿಗೆ ಬಂದಿಳಿದಳು. ಮೂಗಿನ ತುದಿ, ಕೆನ್ನೆ ಸುಟ್ಟು ಸಿಪ್ಪೆ ಎದ್ದಿತ್ತು. ಬಸ್ ನಿಲ್ದಾಣದಲ್ಲಿ ಹೊಳೆವ್ವ ಅವಳ ಎರಡೂ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲವೂ ನೆಟ್ಟಗಿವೆ ಎಂದು ಖಾತ್ರಿಯಾದ ಮೇಲೆಯೇ, "ನಡಿ, ಹಸದಿದ್ದಿ," ಎಂದಳು.

ಮುಂದಿನ ವರ್ಷಗಳಲ್ಲಿ ಅನುರಾಧಾ ಶಾಲೆಯ ಹುಡುಗಿಯರನ್ನು ಬಾದಾಮಿಗೆ ಕರೆದೊಯ್ಯುವುದನ್ನು ತಪ್ಪಿಸಲಿಲ್ಲ. ತಾನೂ ಇನ್ನೊಮ್ಮೆ ಹಿಮಾಲಯಕ್ಕೆ ಹೋಗಿ ಬಂದಳು. ಹೊಳೆವ್ವ ವರ್ಷಕ್ಕೊಂದೆರಡು ಸಲ ಸಾವಳಗಿ ಬಸ್ಸು ಹತ್ತಿ ಕೆಂಪವ್ವನನ್ನು ನೋಡಿ ಬರುತ್ತಿದ್ದಳು. ಕತೆ ಇಷ್ಟೇ. ಆದರೆ ಅನುರಾಧಾ ಬಂದ ದಿನದ ಸಂಜೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಊಟ ಆಗಿತ್ತು. ಕಟ್ಟೆಯ ಮೇಲೆ ಕೂತಿದ್ದೆವು. ಹೊಳೆವ್ವ ಕೇಳಿದಳು, "ಅಲ್ಲಿ ಕುರಿ ಅದಾವೇನ?"

"ಅದಾವ್ರಿ ಅತ್ತಿ. ಬ್ಯಾಸಗಿ ಬಂದ್ರ ಹಿಂಡು ಹೊಡಕೊಂಡು ಮ್ಯಾಲೆ ಬರ್ತಾರ. ಇಳಿಯುವಾಗ ದಾರ್ಯಾಗ ಒಬ್ಬಾಕಿ ಸಿಕ್ಕಿದ್ಲು, ನಿಮ್ಮ ವಯಸ್ಸಿನಾಕಿ. ನಾ ಅಂಗಿ ಮ್ಯಾಲ ಹಾಕ್ಕೊಂಡಿದ್ದೆ. ಹಂತ್ಯಾಕ ಬಂದು ಅಂಚು ಹಿಡದು ನೋಡಿದ್ಲು. ಏನೋ ಅಂದ್ಲು."

"ಏನಂದ್ಲು?"

"ತಿಳೀಲಿಲ್ರಿ. ಅವರ ಮಾತು ಬ್ಯಾರೆ."

ಹೊಳೆವ್ವ ಅಂಗಿ ತರಿಸಿದಳು. "ಹೆಂಗ ಹಿಡದ್ಲು ತೋರ್ಸು."

ಅನುರಾಧಾ ನೆನಪು ಮಾಡಿಕೊಂಡು, ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹೊಸೆದಳು. ಆಮೇಲೆ ಬೆರಳನ್ನು ಮೂಗಿಗೆ ಒಯ್ದು, ಎರಡು ಸಲ ತಲೆಯಾಡಿಸಿದಳು.

"ಮರೀ ಉಣ್ಣಿ ಅಂದಾಳ," ಎಂದಳು ಹೊಳೆವ್ವ. ಅಂಗಿಯನ್ನು ತನ್ನ ಕಡೆ ಎಳೆದುಕೊಂಡು ಕೇಳಿದಳು, "ಮತ್ತ ನೀ ಏನಂದಿ?"

"ನಮ್ಮವ್ವ ಮಾಡ್ಯಾಳ ಅಂದ್ನಿ. ಕನ್ನಡದಾಗ."

ಹೊಳೆವ್ವ ಸೊಸೆಯ ಕಡೆ ತಿರುಗಲಿಲ್ಲ. ಅಂಗಿಯನ್ನು ಮಡಿಲಲ್ಲಿ ಹರಡಿ, ಎಲ್ಲೋ ಒಂದು ಕಡೆ ಸಡಿಲಾಗಿದ್ದ ಎಳೆಯನ್ನು ತಲೆ ಬಗ್ಗಿಸಿಕೊಂಡೇ ಹುಡುಕತೊಡಗಿದಳು.